ಹೊಸಬರು ಶ್ರುತಿ ಕೊಡುವ ವಾದ್ಯವೃಂದ

ಯುವ ವಾದ್ಯವೃಂದಗಳನ್ನು ಕಟ್ಟಿ ಬೆಳೆಸಿದ ಮಹನೀಯರಲ್ಲಿ ಎರಡು ಬಗೆ. ಪ್ರತಿಭೆಯುಳ್ಳ ಮಕ್ಕಳನ್ನು ಹುಡುಕಿ, ಸೋಸಿ, ಆರಿಸಿ ತಂದು ಒಳ್ಳೆಯ ವೃಂದ ಕಟ್ಟಿದವರು ಮೊದಲನೆಯವರು. ಬಾಗಿಲು ತಳ್ಳಿಕೊಂಡು ಬಂದ ಮಕ್ಕಳನ್ನೆಲ್ಲ ಕೂರಿಸಿಕೊಂಡು ಅವರಿಂದಲೇ ಒಳ್ಳೆಯ ವೃಂದ ಕಟ್ಟಿದವರು ಎರಡನೆಯವರು. ಮೊದಲನೆಯವರ ಸಂಖ್ಯೆ ದೊಡ್ಡದು, ಅವರ ಸಾಧನೆಯೂ ಸಣ್ಣದಲ್ಲ. ಎರಡನೆಯವರು ಎಲ್ಲೋ ಒಬ್ಬರು ಸಿಗುತ್ತಾರೆ, ಸಿಕ್ಕಾಗ ಅವರ ಗಂಟಲು ಸಾಮಾನ್ಯವಾಗಿ ಕಟ್ಟಿಹೋಗಿರುತ್ತದೆ. ಈ ತಿಂಗಳ ಕೊನೆಗೆ ನಮ್ಮ ಯುವ ವಾದ್ಯವೃಂದದ ನಿರ್ದೇಶಕಿಯ ಹುದ್ದೆಯಿಂದ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಗುರುಗಳು ಈ ಎರಡನೆಯ ಬಗೆಗೆ ಸೇರಿದವರೆಂದು ಹೇಳುವುದಕ್ಕೆ ನನಗೆ ಹೆಮ್ಮೆಯೆನಿಸುತ್ತದೆ. ಅವರ ಗಂಟಲಿನ ವಿಷಯವನ್ನು ಮುಂದೆ ಹೇಳುತ್ತೇನೆ.

ಈ ಅಭಿನಂದನ ಸಂಪುಟದ ಸಂಪಾದಕರು ಅವರನ್ನು ಪೂರ್ಣ ಬಿರುದುಗಳೊಂದಿಗೆ ಸಂಬೋಧಿಸಬೇಕೆಂದು ಸೂಚಿಸಿದ್ದರು. ಪ್ರಯತ್ನಿಸಿ ನೋಡಿದೆ, ಆಗಲಿಲ್ಲ. ಬೇರೆ ಯಾರ ಬಗ್ಗೆಯೋ ಬರೆಯುತ್ತಿದ್ದೇನೆ ಅನ್ನಿಸಿತು. ಅವರು ನಮ್ಮೆಲ್ಲರಿಗೆ ಕಡ್ಡಿ ಟೀಚರ್. ಕೈಯಲ್ಲಿ ಸದಾ ತಾಳ ತೋರಿಸುವ ಬಿಳಿ ಕಡ್ಡಿ ಇರುತ್ತಿತ್ತು ಎಂಬುದು ಒಂದು ಕಾರಣ. ಮಾತು ಕಡ್ಡಿ ತುಂಡು ಮಾಡಿದ ಹಾಗೆ ಇರುತ್ತಿತ್ತು ಎಂಬುದು ಇನ್ನೊಂದು. ಈ ಹೆಸರು ತಮಗಿದೆಯೆಂದು ಅವರಿಗೆ ಗೊತ್ತಿಲ್ಲವೆಂದು ನಾವು ಬಹುಕಾಲ ನಂಬಿದ್ದೆವು. ಒಂದು ದಿನ ದೂರವಾಣಿಯಲ್ಲಿ ಯಾರಿಗೋ ಅವರೇ, "ಹಲೋ, ನಾನು ಕಡ್ಡಿ ಟೀಚರ್ ಮಾತಾಡ್ತಿರೋದು" ಎಂದರು. ಅಂದಿನಿಂದ ಆ ಹೆಸರಿಗೆ ಅಧಿಕೃತ ಮುದ್ರೆ ಬಿದ್ದಿತು.

ನಗರದ ದೊಡ್ಡ ವಾದ್ಯವೃಂದದಲ್ಲಿ ಅವರು ಪಿಟೀಲು ವಾದಕಿಯಾಗಿದ್ದರು. ಕಾಯಂ ನೌಕರಿ, ವರ್ಷಕ್ಕೊಂದು ಪ್ರವಾಸ, ಕಪ್ಪು ರೇಷ್ಮೆಯ ಉಡುಪು. ಅದನ್ನೆಲ್ಲ ಬಿಟ್ಟು ಮುರುಕು ಕುರ್ಚಿಗಳ ಮೇಲೆ ಕೂತ ಒಂದು ಹಿಡಿ ಮಕ್ಕಳ ಮುಂದೆ ಬಂದು ನಿಂತಾಗ ಅವರ ಅಕ್ಕ ಮೂರು ತಿಂಗಳು ಮಾತು ಬಿಟ್ಟಿದ್ದರಂತೆ. ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ಟೀಚರ್ ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟಿದ್ದಾರೆ. ನನಗೆ ಕೊಟ್ಟ ಉತ್ತರ ಇದು: "ಅಲ್ಲಿ ಎಲ್ಲರಿಗೂ ಬಾರಿಸೋಕೆ ಬರ್ತಿತ್ತು ಕಣೇ. ನನಗೇನು ಕೆಲಸ ಅಲ್ಲಿ?"

ಆ ದಿನಗಳಲ್ಲಿ ವೃಂದದ ಅಭ್ಯಾಸ ನಡೆಯುತ್ತಿದ್ದುದು ಸಾರ್ವಜನಿಕ ಈಜುಕೊಳದ ಮೇಲ್ಮಹಡಿಯಲ್ಲಿ. ಯಾರಿಗೂ ಬೇಡವಾಗಿದ್ದ ಆ ಉದ್ದನೆಯ ಕೋಣೆ ನಮಗೆ ಬಾಡಿಗೆಯಿಲ್ಲದೆ ಸಿಕ್ಕಿತ್ತು. ಮೆಟ್ಟಿಲು ಹತ್ತುವಾಗಲೇ ಕ್ಲೋರಿನ್ ವಾಸನೆ ಮೂಗಿಗೆ ಹತ್ತುತ್ತಿತ್ತು. ನಾವು ಮೆಲುದನಿಯ ಭಾಗಕ್ಕೆ ಬಂದಾಗಲೆಲ್ಲ ಕೆಳಗಿನಿಂದ ಈಜು ತರಬೇತುದಾರರ ಸೀಟಿ ಕೇಳುತ್ತಿತ್ತು. ಕಿಟಕಿಯ ಗಾಜುಗಳ ಮೇಲೆ ಯಾವಾಗಲೂ ಹಬೆ. ಆ ತೇವಕ್ಕೆ ಮರದ ವಾದ್ಯಗಳು ಉಬ್ಬಿಕೊಂಡು, ತಂತಿ ಬಿಗಿಮಾಡುವ ಬಿರಡೆಗಳು ಜಪ್ಪಯ್ಯ ಅಂದರೂ ತಿರುಗುತ್ತಿರಲಿಲ್ಲ. ಟ್ರಂಪೆಟ್ಟಿನ ಹುಡುಗರು ಮಾತ್ರ ಸುಖವಾಗಿದ್ದರು, ಅವರು ಯಾವ ಹವೆಯಲ್ಲೂ ಸುಖವಾಗಿಯೇ ಇರುತ್ತಾರೆ.

ನಾನು ಆ ಮೆಟ್ಟಿಲು ಹತ್ತಿದ್ದು ಪಿಟೀಲು ನುಡಿಸಬೇಕೆಂಬ ಆಸೆಯಿಂದ. ಟೀಚರ್ ನನ್ನ ಕೈ ಹಿಡಿದು ಬೆರಳುಗಳನ್ನು ಅಗಲಿಸಿ ನೋಡಿ, "ಇವಳಿಗೆ ವಯೋಲಾ ಕೊಡಿ" ಎಂದರು. ವಯೋಲಾ ಎಂದರೆ ಪಿಟೀಲಿನ ಅಕ್ಕ. ಸ್ವಲ್ಪ ದಪ್ಪ, ದನಿಯೂ ಸ್ವಲ್ಪ ದಪ್ಪ, ಮನೆಗೆ ಬಂದವರು ತಂಗಿಯನ್ನು ಹೊಗಳಿ ಹೋಗುವಾಗ ಒಳಗೆ ಕೆಲಸ ಮಾಡಿಕೊಂಡಿರುವಂಥದ್ದು. ನಮ್ಮ ಬಗ್ಗೆ ವಾದ್ಯಗಾರರಲ್ಲಿ ಪ್ರಚಲಿತವಿರುವ ಹಾಸ್ಯಗಳನ್ನು ಇಲ್ಲಿ ದಾಖಲಿಸಿ ಅವುಗಳ ಆಯುಷ್ಯ ಹೆಚ್ಚಿಸಲಾರೆ. ಅಂದು ಮನೆಗೆ ಹೋಗಿ ಅತ್ತೆ. ಇಂದು ಅದೇ ವೃಂದದಲ್ಲಿ ತಂತಿವಾದ್ಯಗಳ ತರಬೇತುದಾರಳಾಗಿ ಸಂಬಳ ಪಡೆಯುತ್ತಿದ್ದೇನೆ, ಪಿಟೀಲು ಹಿಡಿದವರನ್ನು ಕಂಡರೆ ಇಂದಿಗೂ ಸ್ವಲ್ಪ ಉರಿಯುತ್ತದೆ.

ಆ ಮೊದಲ ದಿನವೇ ನಾನು ನಮ್ಮ ವೃಂದದ ವಿಚಿತ್ರ ಪದ್ಧತಿಯನ್ನು ಕಂಡೆ. ಲೋಕದ ಉಳಿದ ವಾದ್ಯವೃಂದಗಳಲ್ಲಿ ನುಡಿಸುವ ಮುನ್ನ ಓಬೋ ಎಂಬ ಕೊಳವೆವಾದ್ಯದವರು ಒಂದು ಸ್ವರ ಹಿಡಿಯುತ್ತಾರೆ, ಉಳಿದವರೆಲ್ಲ ಅದಕ್ಕೆ ತಮ್ಮ ಶ್ರುತಿ ಸೇರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಲ್ಲ. ಎಲ್ಲರಿಗಿಂತ ಕೊನೆಗೆ ಸೇರಿದವರು ಶ್ರುತಿ ಕೊಡಬೇಕು. ನಿನ್ನೆ ಬಂದವರಿದ್ದರೆ ಅವರು. ಇಂದು ಬಂದವರಿದ್ದರೆ ಅವರೇ. ನಡುಗುವ ಕಮಾನಿನಿಂದ ನಾನು ಎಳೆದ ಆ ಒಂದು ಸ್ವರಕ್ಕೆ ನನಗಿಂತ ದೊಡ್ಡ ಅಣ್ಣಂದಿರು ಅಕ್ಕಂದಿರು ತಲೆಬಾಗಿಸಿ, ಕಿವಿಗೊಟ್ಟು, ತಮ್ಮ ತಂತಿಗಳನ್ನು ಸರಿಮಾಡಿಕೊಂಡದ್ದನ್ನು ನೋಡಿ ನನ್ನ ಅಳು ಅರ್ಧ ನಿಂತಿತ್ತು. ಉಳಿದರ್ಧ ಮನೆಗೆ ಹೋಗಿ ಅತ್ತದ್ದು.

ಈ ಪದ್ಧತಿಗೆ ಟೀಚರ್ ಕೊಡುತ್ತಿದ್ದ ಸಮರ್ಥನೆ ಸರಳವಾಗಿತ್ತು. "ಹೊಸದಾಗಿ ಬಂದ ಮಗು ಬಾಯಿ ಬಿಡೋಕೆ ಹೆದರುತ್ತೆ. ಮೊದಲ ದಿನಾನೇ ಎಲ್ಲರೂ ಅದರ ಮಾತು ಕೇಳಿಬಿಟ್ರೆ, ಆಮೇಲೆ ಅದು ಎಲ್ಲರ ಮಾತೂ ಕೇಳುತ್ತೆ" ಎನ್ನುತ್ತಿದ್ದರು. ಒಂದು ಗುಟ್ಟನ್ನೂ ಹೇಳಬೇಕು. ಅಭ್ಯಾಸಕ್ಕೆ ಮುನ್ನ ಹೊಸಬರನ್ನು ಹೊರಗಿನ ಓಣಿಗೆ ಕರೆದೊಯ್ದು, ಏನೋ ಮಾತಾಡಿಸುತ್ತ, ಅವರ ವಾದ್ಯವನ್ನು ಟೀಚರ್ ತಾವೇ ಸರಿಯಾದ ಶ್ರುತಿಗೆ ತಂದಿಡುತ್ತಿದ್ದರು. ಮಗುವಿಗೆ ಅದು ತಿಳಿಯುತ್ತಿರಲಿಲ್ಲ. ನನಗೂ ತಿಳಿದದ್ದು ನಾನು ಸಹೋದ್ಯೋಗಿಯಾದ ಮೇಲೆ.

ಅವರ ಉಪಕಾರಗಳನ್ನು ನೆನೆಯುವಾಗ ದೊಡ್ಡ ಸಂಗತಿಗಳಿಗಿಂತ ಸಣ್ಣವೇ ಮುಂದೆ ಬರುತ್ತವೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಬಂದ ಟ್ರಂಪೆಟ್ ಹುಡುಗ, ತುಟಿ ಒಡೆಯುತ್ತದೆ, ಒಂದು ವರ್ಷ ಬರುವುದಿಲ್ಲ ಎಂದು ಹೇಳಲು ಬಂದವನು, ಅರ್ಧ ಗಂಟೆಯಲ್ಲಿ ತಾಳದ ತಟ್ಟೆ ಹಿಡಿದು ಹಿಂದಿನ ಸಾಲಿನಲ್ಲಿ ನಿಂತಿದ್ದ. ಕೈ ಮುರಿದುಕೊಂಡ ಪಿಟೀಲಿನ ಹುಡುಗಿ ಇನ್ನೊಂದು ಕೈಯಲ್ಲಿ ದೊಡ್ಡ ಡ್ರಮ್ ಬಾರಿಸಿದಳು, ಕೈ ಕೂಡಿದ ಮೇಲೂ ಡ್ರಮ್ ಬಿಡಲೊಪ್ಪಲಿಲ್ಲ. ರಜೆ ಕೇಳಿ ಹೋದವರಿಗೆ ರಜೆಯ ಬದಲು ಬೇರೊಂದು ವಾದ್ಯ ಸಿಗುತ್ತಿತ್ತು. ನನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ಟೀಚರ್ ಸಮಾಧಾನದ ಮಾತೇನೂ ಆಡಲಿಲ್ಲ. ನಮ್ಮ ನಾಲ್ವರ ಕಿರುವೃಂದವನ್ನು ಆ ಆಸ್ಪತ್ರೆಯ ಹೊರರೋಗಿಗಳ ಕೋಣೆಯಲ್ಲಿ ವಾರಕ್ಕೊಮ್ಮೆ ನುಡಿಸಲು ಹಾಕಿ, ಮುಗಿದ ಮೇಲೆ, "ಮೇಲಿನ ಮಹಡಿಗೆ ಹೋಗಿ ಬಾ, ಅವಸರವಿಲ್ಲ" ಎಂದರು. ಉಳಿದ ಮೂವರು ವಾದ್ಯಗಳನ್ನು ಕಟ್ಟಿಕೊಂಡು ನನಗಾಗಿ ಕೆಳಗೆ ಕಾಯುತ್ತಿದ್ದರು.

ಈ ಕಿರುವೃಂದಗಳು ಅವರ ಇನ್ನೊಂದು ಕೊಡುಗೆ. ಚೆನ್ನಾಗಿ ನುಡಿಸುವವರನ್ನು ಒಟ್ಟುಗೂಡಿಸುವುದು ವಾಡಿಕೆ. ಟೀಚರ್ ಬೇಕೆಂದೇ ಬೆರೆಸುತ್ತಿದ್ದರು: ಮುಂದಿನ ಸಾಲಿನ ಇಬ್ಬರು, ಹಿಂದಿನ ಸಾಲಿನ ಇಬ್ಬರು. ಮುಂದಿನವರು ಮೂಗು ಮುರಿದರೆ, "ನೀನೊಬ್ಬಳೇ ಚೆನ್ನಾಗಿ ಬಾರಿಸೋದು ನನಗೆ ಗೊತ್ತು. ನಾಲ್ಕು ಜನ ಚೆನ್ನಾಗಿ ಬಾರಿಸೋ ಹಾಗೆ ಮಾಡು, ಆಗ ನಿನ್ನ ಹತ್ರ ಮಾತಾಡ್ತೀನಿ" ಎನ್ನುತ್ತಿದ್ದರು. ಹೇಗೆ ನುಡಿಸಬೇಕೆಂದು ಹಾಡಿ ತೋರಿಸುವ ಚಪಲ ಅವರಿಗಿತ್ತು. ಇಷ್ಟು ಒಳ್ಳೆಯ ಕಿವಿಯಿದ್ದ ವ್ಯಕ್ತಿಗೆ ಇಂಥ ಕಂಠವನ್ನು ಕೊಟ್ಟವರು ಯಾರೋ ತಿಳಿಯದು. ಅವರು ಹಾಡಿದ್ದನ್ನು ಬಿಟ್ಟು, ಹಾಡಬೇಕೆಂದಿದ್ದನ್ನು ಊಹಿಸಿ ನುಡಿಸುವುದರಲ್ಲಿ ನಾವೆಲ್ಲ ಪರಿಣತರಾದೆವು.

ನಿಧಿ ಸಂಗ್ರಹದಲ್ಲಿ ಅವರ ಪ್ರತಿಭೆ ಮಿಶ್ರಫಲ ನೀಡಿತು. ದಾನಿಗಳಿಗೆ ಧನ್ಯವಾದ ಹೇಳುವ ಕಲೆ ಅವರಿಗೆ ಒಲಿಯಲೇ ಇಲ್ಲ. ಲಕೋಟೆ ಕೊಟ್ಟವರ ಮುಂದೆಯೇ ಅದನ್ನು ತೆರೆದು ಇಣುಕಿ, "ಇಷ್ಟೇನಾ?" ಎಂದು ಕೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬುದ್ಧಿ ಓಡಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ದೇಣಿಗೆ ಕೊಟ್ಟವರಿಗೆ ಕಡ್ಡಿ ಹಿಡಿದು ವೃಂದವನ್ನು ನಡೆಸುವ ಅವಕಾಶ ಕೊಡುವ ಯೋಜನೆ ಅವರದೇ. ನಮಗಿದ್ದ ಅಪ್ಪಣೆ ಒಂದೇ: ಕಡ್ಡಿ ಹೇಗೆ ಆಡುತ್ತದೋ ಹಾಗೆ ನುಡಿಸಬೇಕು. ನಗರದ ದೊಡ್ಡ ಟೈಲ್ಸ್ ಅಂಗಡಿಯ ಮಾಲೀಕರು ಒಮ್ಮೆ ಕೋಟಿನ ಗುಂಡಿ ಹಾಕಿಕೊಂಡು ವೇದಿಕೆ ಹತ್ತಿದರು. ಮೆರವಣಿಗೆಯ ಗತ್ತಿನ ಒಂದು ರಚನೆ. ಉತ್ಸಾಹದಲ್ಲಿ ಅವರ ಕೈ ಜೋರಾಯಿತು, ನಾವೂ ಜೋರಾದೆವು. ಗಾಬರಿಯಲ್ಲಿ ಇನ್ನೂ ಜೋರಾಯಿತು, ನಾವೂ ಹಿಂದೆ ಬೀಳಲಿಲ್ಲ. ನಡುವೆ ಅವರಿಗೆ ಸೀನು ಬಂತು. ಇಡೀ ವೃಂದ ಗಕ್ಕನೆ ನಿಂತಿತು. ಸಭಿಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವರು ಬೆವರು ಒರೆಸಿಕೊಳ್ಳುತ್ತ, "ಅಲ್ಲ ಮೇಡಂ, ಈ ಮಕ್ಕಳು ಹೇಳಿದ ಮಾತು ಇಷ್ಟೊಂದು ಕೇಳ್ತಾರಾ?" ಎಂದರು. ಮರುವರ್ಷ ನಮ್ಮ ಆಡಳಿತ ಸಮಿತಿಯ ಅಧ್ಯಕ್ಷರಾದರು, ಇಂದಿಗೂ ಆಗಿದ್ದಾರೆ.

ಇನ್ನು ನಾನು ಹೇಳಹೊರಟಿರುವುದು ಟೀಚರ್ ಅವರಿಗೂ ಈ ಅಧ್ಯಕ್ಷರಿಗೂ ನಡೆದ ಜಟಾಪಟಿಯ ಸಂಗತಿ. ಅಧ್ಯಕ್ಷರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. "ಬರೀರಿ, ಆದ್ರೆ ಸೀನಿದ್ದು ಬಿಟ್ಟುಬಿಡಿ" ಎಂದಿದ್ದರು. ಕ್ಷಮೆ ಇರಲಿ.

ನಾನು ತರಬೇತುದಾರಳಾಗಿ ಸೇರಿ ಕೆಲವು ವರ್ಷಗಳಾಗಿತ್ತು. ಈಜುಕೊಳದ ತೇವಕ್ಕೆ ಡಬಲ್ ಬಾಸ್ ಎಂಬ ಆಳೆತ್ತರದ ಎರಡು ತಂತಿವಾದ್ಯಗಳ ಬೆನ್ನು ಬಿರಿದಿತ್ತು, ನಮಗೆ ನಮ್ಮದೇ ಆದ ಒಣ ಕೋಣೆಯೊಂದು ಬೇಕೇ ಬೇಕಾಗಿತ್ತು. ಅದಕ್ಕಾಗಿ ನಗರದ ಮುಖ್ಯ ಸಭಾಂಗಣದಲ್ಲಿ ದೊಡ್ಡದೊಂದು ಸಹಾಯಾರ್ಥ ಕಛೇರಿ ಏರ್ಪಾಡಾಯಿತು. ಹೆಸರಾಂತ ಪಿಯಾನೋ ವಾದಕರೊಬ್ಬರು ಸಂಭಾವನೆಯಿಲ್ಲದೆ ನಮ್ಮೊಂದಿಗೆ ನುಡಿಸಲು ಒಪ್ಪಿದರು. ಸಮಿತಿಯ ಸಭೆಯಲ್ಲಿ ಅಧ್ಯಕ್ಷರು ತಮ್ಮ ಸಲಹೆ ಮುಂದಿಟ್ಟರು: ಅಂದು ವೇದಿಕೆಯ ಮೇಲೆ ಆಯ್ದ ಮಕ್ಕಳು ಮಾತ್ರ ಇರಲಿ. ಹಿಂದಿನ ಸಾಲುಗಳು ಸಭಿಕರಾಗಿ ಬರಲಿ. ಹಾಗೆಯೇ, ಮುಂದಿನ ಕಛೇರಿಗಳ ಋತುವಿನಿಂದ ಪರೀಕ್ಷೆ ಮಾಡಿ ಗೆದ್ದವರನ್ನು ಮಾತ್ರ ವೃಂದದಲ್ಲಿ ಉಳಿಸಿಕೊಳ್ಳೋಣ.

ಅವರ ಮಾತಿನಲ್ಲಿ ಕೆಡುಕೇನೂ ಇರಲಿಲ್ಲವೆಂದು ಇಷ್ಟು ವರ್ಷಗಳ ಮೇಲೆ ಒಪ್ಪಿಕೊಳ್ಳುತ್ತೇನೆ. ಅಂದು ಒಪ್ಪಿಕೊಂಡಿರಲಿಲ್ಲ, ಮೇಜಿನ ಕೆಳಗೆ ಮುಷ್ಟಿ ಬಿಗಿಹಿಡಿದು ಕೂತಿದ್ದೆ. "ನೋಡಿ ಮೇಡಂ, ನನ್ನ ಅಂಗಡಿಯ ಕಿಟಕೀಲಿ ನಾನು ಅಂಚು ಒಡೆದ ಟೈಲ್ಸ್ ಇಡಲ್ಲ" ಎಂದರು ಅಧ್ಯಕ್ಷರು.

"ಮಕ್ಕಳು ಟೈಲ್ಸ್ ಅಲ್ಲ ಅಧ್ಯಕ್ಷರೇ" ಎಂದರು ಟೀಚರ್. "ಎಲ್ಲರೂ ನುಡಿಸ್ತಾರೆ. ಇಲ್ಲ ಅಂದ್ರೆ ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ತುಂಬ ಹೊತ್ತು ವಾದ ನಡೆದು ಕೊನೆಗೊಂದು ಒಪ್ಪಂದಕ್ಕೆ ಬಂದರು. ಈ ಕಛೇರಿಯಲ್ಲಿ ಎಲ್ಲರೂ ನುಡಿಸಲಿ. ಅದು ಚೆನ್ನಾಗಿ ನಡೆದರೆ ಆಯ್ಕೆಯ ಮಾತನ್ನು ಯಾರೂ ಎತ್ತಬಾರದು. ಕೆಟ್ಟರೆ, ಮುಂದಿನ ಋತುವಿನಿಂದ ಪರೀಕ್ಷೆ, ಹಿಂದಿನ ಸಾಲುಗಳು ಮನೆಗೆ. ಟೀಚರ್ ಕೈ ಕುಲುಕಿ ಹೊರಗೆ ಬಂದವರು ಮೆಟ್ಟಿಲಿನ ಮೇಲೆ ಕೂತುಬಿಟ್ಟರು. ಅವರು ಕೂತದ್ದನ್ನು ನಾನು ನೋಡಿದ್ದೇ ಅಪರೂಪ. "ಸುಮ್ಮನೆ ಮಾತು ಕೊಟ್ಟುಬಿಟ್ಟೆ ಕಣೇ. ಮಾತು ಕೊಟ್ಟವಳು ನಾನು, ಹೋಗೋರು ಆ ಮಕ್ಕಳು" ಎಂದರು. ನಾನೂ ಅವರ ಪಕ್ಕದಲ್ಲಿ ಕೂತೆ.

ಆಗ ನಮ್ಮಲ್ಲಿ ಎಲ್ಲರಿಗಿಂತ ಹೊಸಬಳೆಂದರೆ ಆಂಬುಲೆನ್ಸ್ ಚಾಲಕರೊಬ್ಬರ ಮಗಳು. ನುಡಿಸುತ್ತಿದ್ದುದು ಚೆಲ್ಲೋ, ಅಂದರೆ ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ, ಅವಳಿಗಿಂತ ಅಗಲವಾದ ವಾದ್ಯ. ದೂರದಿಂದ ನೋಡಿದರೆ ಚೆಲ್ಲೋಗೆ ಎರಡು ಜಡೆ ಮೂಡಿದ ಹಾಗೆ ಕಾಣುತ್ತಿತ್ತು. ಆದ್ದರಿಂದ ಎಲ್ಲರೂ ಜಡೆ ಎಂದೇ ಕರೆಯುತ್ತಿದ್ದರು. ಪರೀಕ್ಷೆಯೇನಾದರೂ ನಡೆದರೆ ಮೊದಲು ಮನೆಗೆ ಹೋಗುವವಳು ಅವಳೇ ಎಂಬುದು ನಮಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. "ನಮ್ಮನ್ನ ತೆಗೀತಾರಂತೆ, ಹೌದಾ ಮಿಸ್?" ಎಂದು ನನ್ನನ್ನು ಕೇಳಿದ್ದಳು. "ನಿನ್ನ ಕೆಲಸ ನೀನು ನೋಡು" ಎಂದು ಗದರಿದ್ದೆ, ನನ್ನ ದನಿ ನನಗೇ ಹಿಡಿಸಲಿಲ್ಲ.

ಕಛೇರಿಯ ದಿನ ಬೆಳಿಗ್ಗೆ ಸಭಾಂಗಣದಲ್ಲಿ ಅಭ್ಯಾಸ ಚೊಕ್ಕವಾಗಿ ನಡೆಯಿತು. ಪಿಯಾನೋದ ತಂತಿಗಳನ್ನು ನಮ್ಮ ಹಾಗೆ ಕೂತಲ್ಲಿಯೇ ಏರಿಸಿ ಇಳಿಸಲಾಗದು, ಆದ್ದರಿಂದ ಪಿಯಾನೋ ಇದ್ದಾಗ ಅದರ ಶ್ರುತಿಗೇ ಎಲ್ಲರೂ ಸೇರಬೇಕು. ಬೆಳಿಗ್ಗೆ ಹಾಗೆಯೇ ಮಾಡಿದೆವು. ಸಂಜೆ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಅವರ ಎರಡೂ ಬದಿಗೆ ದಾನಿಗಳು. ದೀಪಗಳು ಬೆಳಗಿದವು. ಟೀಚರ್ ಬಂದು ನಿಂತರು. ಪಿಯಾನೋ ವಾದಕರು ಇನ್ನೂ ಒಳಗಿದ್ದರು.

ಆಗ ಟೀಚರ್, ಅಷ್ಟು ವರ್ಷಗಳಿಂದ ಮಾಡಿಕೊಂಡು ಬಂದ ಹಾಗೆ, ಜಡೆಯ ಕಡೆ ನೋಡಿ ತಲೆಯಾಡಿಸಿದರು. ಅವಳು ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಶ್ರುತಿ ಕೊಟ್ಟಳು. ವೇದಿಕೆಗೆ ಬರುವ ಮುನ್ನ ಹೊರಗಿನ ಓಣಿಯಲ್ಲಿ ಟೀಚರ್ ಅವಳ ತಂತಿಯನ್ನು ಸರಿಮಾಡಿಟ್ಟಿದ್ದರು ನಿಜ. ಆದರೆ ಈಜುಕೊಳದ ತೇವದಲ್ಲಿ ಉಬ್ಬಿದ್ದ ಬಿರಡೆ, ವೇದಿಕೆಯ ದೀಪಗಳ ಒಣ ಶಾಖಕ್ಕೆ ಸಣ್ಣಗೆ ಕುಗ್ಗಿ, ಮೆಲ್ಲಗೆ ಜಾರಿತ್ತು. ತಂತಿ ಇಳಿದಿತ್ತು. ಸ್ವರ ತಗ್ಗಿತ್ತು. ನಮ್ಮ ಮಕ್ಕಳಾದರೋ ಕಲಿಸಿದ್ದನ್ನು ತಪ್ಪದೆ ಮಾಡುವವರು. ಹೊಸಬಳು ಎಷ್ಟು ಕೊಟ್ಟಳೋ ಅಷ್ಟಕ್ಕೆ, ಒಬ್ಬರೂ ಬಿಡದಂತೆ, ಬೆಳಗಿನ ಶ್ರುತಿಯಿಂದ ತಮ್ಮ ತಂತಿಗಳನ್ನು ಶ್ರದ್ಧೆಯಿಂದ ಇಳಿಸಿಕೊಂಡರು. ಕೊಳವೆವಾದ್ಯದವರು ಕೊಳವೆಗಳನ್ನು ಹೊರಗೆ ಎಳೆದುಕೊಂಡರು. ಬೇರಾವ ವೃಂದದಲ್ಲಿಯೂ ಇದು ನಡೆಯುತ್ತಿರಲಿಲ್ಲ. ಅಲ್ಲಿ ಯಾರಾದರೂ ಒಬ್ಬರು ಹುಬ್ಬೇರಿಸುತ್ತಿದ್ದರು.

ವಾದಕರು ಬಂದರು, ಚಪ್ಪಾಳೆ ಬಿತ್ತು. ಪಿಯಾನೋ ಒಂದೇ ಕೆಲವು ಸಾಲು ನುಡಿಯಿತು, ಬಹಳ ಸೊಗಸಾಗಿ. ಅನಂತರ ನಾವೆಲ್ಲ ಸೇರಿದೆವು.

ಆ ಸದ್ದನ್ನು ವರ್ಣಿಸುವ ಶಕ್ತಿ ನನ್ನಲ್ಲಿಲ್ಲ. ವಯೋಲಾಗಳ ಸಾಲಿನ ಕೊನೆಯಲ್ಲಿ ಕೂತಿದ್ದ ನನಗೆ ಜೀವ ಬಾಯಿಗೆ ಬಂತು. ಪಿಯಾನೋ ಒಂದು ಕಡೆ, ಇಡೀ ವೃಂದ ಅದಕ್ಕಿಂತ ಕೊಂಚ ಕೆಳಗೆ ಇನ್ನೊಂದು ಕಡೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಪ್ಪು ತನ್ನದೇ ಇರಬೇಕೆಂದು ಪ್ರತಿಯೊಬ್ಬರೂ ನಂಬಿ ಮೆಲ್ಲಗೆ ನುಡಿಸತೊಡಗಿದರು. ಸಭಿಕರ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಕೈಯಿಂದ ಹಣೆ ಮುಚ್ಚಿಕೊಂಡರು. ಟೀಚರ್ ಕಡ್ಡಿ ಕೆಳಗಿಳಿಸಿದರು, ಎಲ್ಲವೂ ನಿಂತಿತು. ಆ ನಿಶ್ಶಬ್ದದಲ್ಲಿ ಜಡೆ ಅಳಲು ಶುರುಮಾಡಿದ್ದು ಕೇಳಿಸಿತು, ಅವಳಿಗೆ ಎಲ್ಲರಿಗಿಂತ ಮೊದಲು ವಿಷಯ ತಿಳಿದುಹೋಗಿತ್ತು.

ಇಂಥ ಹೊತ್ತಿನಲ್ಲಿ ನಾನಾಗಿದ್ದರೆ ಪರದೆ ಎಳೆಸುತ್ತಿದ್ದೆ. ಟೀಚರ್ ಸಭಿಕರ ಕಡೆ ತಿರುಗಿ, ಅಷ್ಟು ವರ್ಷ ನಮಗೆಲ್ಲ ಕೂಗಿ ಹೇಳಿ ಹೇಳಿ ಕಟ್ಟಿಹೋಗಿದ್ದ ಗಂಟಲಿನಿಂದ, ಅಂಗಡಿಯಲ್ಲಿ ಸಾಮಾನು ಕೇಳುವಷ್ಟೇ ಸಹಜವಾಗಿ ಹೀಗೆಂದರು:

"ತಪ್ಪು ನನ್ನದು. ಪಿಯಾನೋ ಇರೋವಾಗ ಪಿಯಾನೋನ ಕೇಳಬೇಕಿತ್ತು, ಅಭ್ಯಾಸಬಲ, ಮರೆತೆ. ನಮ್ಮಲ್ಲಿ ಎಲ್ಲರಿಗಿಂತ ಹೊಸಬರು ಶ್ರುತಿ ಕೊಡ್ತಾರೆ. ಅವಳ ತಂತಿ ಶಾಖಕ್ಕೆ ಇಳಿದಿತ್ತು, ಅದಕ್ಕೆ ಇಷ್ಟು ಜನಾನೂ ಸೇರಿಕೊಂಡರು. ಇವರೆಲ್ಲ ಒಟ್ಟಿಗೇ ಇದ್ದಾರೆ. ಪಿಯಾನೋ ಒಂದೇ ಬೇರೆ ಕಡೆ ಇದೆ. ಅದನ್ನ ಇಳಿಸೋಕಾಗಲ್ಲ, ಅದಕ್ಕೆ ನಾವೇ ಹತ್ತಿ ಬರ್ತೀವಿ. ಸ್ವಲ್ಪ ಕೂತಿರಿ."

ಸಭೆ ನಕ್ಕಿತು, ಆದರೆ ಈ ಸಲದ ನಗೆ ಬೇರೆಯದಾಗಿತ್ತು. ಟೀಚರ್ ಜಡೆಯನ್ನು ಕರೆದರು. ಅವಳು ಚೆಲ್ಲೋವನ್ನು ತಬ್ಬಿಕೊಂಡು, ಮೂಗು ಒರೆಸಿಕೊಳ್ಳುತ್ತ ಪಿಯಾನೋದ ಪಕ್ಕಕ್ಕೆ ಬಂದಳು. ಓಬೋ ನುಡಿಸುವ ಹಿರಿಯ ಹುಡುಗನಿಂದ ಒಂದು ಕ್ಷಣದಲ್ಲಿ ಮುಗಿಯಬಹುದಾಗಿದ್ದ ಕೆಲಸ. ಟೀಚರ್ ಅವನ ಕಡೆ ನೋಡಲೇ ಇಲ್ಲ. "ಕೇಳಿಸ್ಕೋ. ನೀನೇ ಸರಿ ಮಾಡ್ಕೋ. ನಾನು ಮುಟ್ಟಲ್ಲ" ಎಂದರು. ಪಿಯಾನೋ ವಾದಕರು ಸಿಡುಕಿನವರೆಂದು ಹೆಸರಾದವರು. ಒಮ್ಮೆ ಸ್ವರ ಒತ್ತಿದರು. ಅವಳು ಬಿರಡೆ ತಿರುಗಿಸಿದಳು, ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು. ಆಮೇಲೆ ಆ ಸಿಡುಕಿನ ಮನುಷ್ಯ ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡು, "ಒಳಕ್ಕೆ ಒತ್ತಿ ತಿರುಗಿಸು ಮಗಳೇ, ನನಗೇನೂ ಬಸ್ಸು ತಪ್ಪಿಹೋಗಲ್ಲ" ಎಂದು ಹೇಳಿ, ಅದೊಂದೇ ಸ್ವರವನ್ನು ಮೆಲ್ಲಗೆ, ಬಿಡದೆ, ಒತ್ತುತ್ತಲೇ ಹೋದರು. ತುಂಬಿದ ಸಭಾಂಗಣ ಒಂದು ಹುಡುಗಿಯ ಬಿರಡೆಗಾಗಿ ಉಸಿರು ಹಿಡಿದು ಕಾಯಿತು. ತಂತಿ ಇಷ್ಟಿಷ್ಟೇ ಏರಿತು, ಒಮ್ಮೆ ಮೀರಿತು, ಹಿಂದೆ ಬಂತು, ಸೇರಿತು. ಸೇರಿದ್ದು ಸಂಗೀತ ತಿಳಿಯದವರಿಗೂ ತಿಳಿಯಿತು, ಅಲ್ಲಲ್ಲಿ ಜನ ನಿಟ್ಟುಸಿರು ಬಿಟ್ಟರು.

ಅವಳು ತನ್ನ ಜಾಗಕ್ಕೆ ಹೋಗಿ ಕೂತು ಮತ್ತೆ ಶ್ರುತಿ ಕೊಟ್ಟಳು. ಅದಕ್ಕೆ ಮೊದಲು ಚೆಲ್ಲೋಗಳು ಸೇರಿದವು, ಆಮೇಲೆ ನಮ್ಮ ವಯೋಲಾಗಳು, ಆಮೇಲೆ ಪಿಟೀಲುಗಳು, ಕೊನೆಗೆ ಕೊಳವೆವಾದ್ಯಗಳು. ತಾವು ಟಿಕೇಟು ಕೊಂಡು ಬಂದದ್ದು ಇದನ್ನು ಕೇಳಲಿಕ್ಕೇ ಎಂಬಂತೆ ಜನ ಕೇಳಿದರು. ಅಂದಿನ ಉಳಿದ ಕಛೇರಿ ಅಮೋಘವಾಗಿತ್ತೆಂದು ಬರೆದರೆ ಟೀಚರ್ ಈ ಸಂಪುಟವನ್ನು ನನ್ನ ಮುಖಕ್ಕೆ ಎಸೆಯುತ್ತಾರೆ. ಟ್ರಂಪೆಟ್ಟುಗಳು ಒಂದು ಕಡೆ ಬೇಗ ನುಗ್ಗಿದವು. ಎರಡನೆಯ ಭಾಗದಲ್ಲಿ ಪಿಟೀಲುಗಳು ಎಲ್ಲಿಗೋ ಹೋಗಿ ಬಂದವು. ವಯೋಲಾಗಳ ಬಗ್ಗೆ ಯಾರೂ ದೂರಲಿಲ್ಲವೆಂದು ಮಾತ್ರ ವಿನಯಪೂರ್ವಕವಾಗಿ ದಾಖಲಿಸುತ್ತೇನೆ.

ಕಛೇರಿ ಮುಗಿದ ಮೇಲೆ ವೇದಿಕೆಯ ಹಿಂದಿನ ಇಕ್ಕಟ್ಟಾದ ಕೋಣೆಗೆ ಅಧ್ಯಕ್ಷರು ಬಂದರು. ಮಕ್ಕಳು ವಾದ್ಯಗಳನ್ನು ಪೆಟ್ಟಿಗೆಗೆ ಇಡುತ್ತಿದ್ದವರು ಕೈ ನಿಲ್ಲಿಸಿದರು. ಜಡೆ ತನ್ನ ಅಪ್ಪನ ಸಮವಸ್ತ್ರದ ತೋಳು ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಟೀಚರ್ ಶುರುಮಾಡಿದರು.

"ಒಪ್ಪಂದ ಒಪ್ಪಂದವೇ ಅಧ್ಯಕ್ಷರೇ. ಕಛೇರಿ ಕೆಟ್ಟಿತು. ನೀವು ಪರೀಕ್ಷೆ ಮಾಡಬಹುದು. ಆದ್ರೆ ಇವತ್ತು ತಪ್ಪು ಮಾಡಿದವಳು ನಾನು. ತೆಗೆಯೋದಾದ್ರೆ ನನ್ನಿಂದ ಶುರುಮಾಡಿ."

ಅವರ ದನಿ ನಡುಗಿದ್ದನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ.

"ಏನು ಮೇಡಂ ನೀವು" ಎಂದರು ಅಧ್ಯಕ್ಷರು. "ಅಷ್ಟು ಜನ, ಆ ದೊಡ್ಡ ದೊಡ್ಡ ಹುಡುಗರು, ಎಲ್ಲರೂ ಈ ಪುಟ್ಟ ಹುಡುಗಿಯ ಒಂದು ಮಾತು ಕೇಳಿದರು. ತಪ್ಪು ಇದ್ರೂ ಕೇಳಿದರು. ತಿದ್ದಿದಾಗಲೂ ಕೇಳಿದರು. ನನ್ನ ಅಂಗಡೀಲಿ ಮಾಲೀಕ ನಾನು, ನನ್ನ ಮಾತನ್ನೇ ನಾಲ್ಕು ಜನ ಕೇಳಲ್ಲ. ಇವರಲ್ಲಿ ನಾನು ಯಾರನ್ನ ಅಂತ ತೆಗೀಲಿ?"

ಅಧ್ಯಕ್ಷರು ಜಡೆಯ ಹತ್ತಿರ ಹೋಗಿ, "ಬಿರಡೆ ಗಟ್ಟಿ ಇದೆಯೇನಮ್ಮ ಈಗ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಟೀಚರ್ ನಮಗೆಲ್ಲ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ, ಆಗಲೇ ಮಡಚಿಟ್ಟಿದ್ದ ಸ್ಟ್ಯಾಂಡೊಂದನ್ನು ಬಿಚ್ಚಿ ಮತ್ತೆ ಮಡಚತೊಡಗಿದರು. ಆಯ್ಕೆಯ ಮಾತು ನಮ್ಮ ಸಮಿತಿಯಲ್ಲಿ ಮುಂದೆಂದೂ ಏಳಲಿಲ್ಲ.

ಒಣ ಕೋಣೆ ಆ ಸಂಜೆಯ ಹಣದಿಂದಲೇ ಎದ್ದಿತೆಂದು ಕೆಲವರು ಭಾಷಣಗಳಲ್ಲಿ ಹೇಳುವುದುಂಟು. ಹಾಗಾಗಲಿಲ್ಲ. ಅದಕ್ಕೆ ಇನ್ನೂ ಹಲವು ಕಛೇರಿಗಳು, ಬೇಡುವಿಕೆಗಳು, "ಇಷ್ಟೇನಾ" ಎಂಬ ಪ್ರಶ್ನೆಗಳು ಬೇಕಾದವು. ನೆಲದ ಟೈಲ್ಸ್ ಯಾರ ಅಂಗಡಿಯಿಂದ ಬಂದವೆಂದು ಹೇಳಬೇಕಾಗಿಲ್ಲ. ಅಂಚು ಒಡೆದದ್ದು ಒಂದೂ ಇಲ್ಲ. ಈಗ ಅಲ್ಲಿ ಸೀಟಿಯ ಸದ್ದಿಲ್ಲದೆ ಮೆಲುದನಿಯಲ್ಲಿ ನುಡಿಸಬಹುದು, ಮಕ್ಕಳು ಹಾಗೆ ನುಡಿಸುವುದಿಲ್ಲ ಎಂಬುದು ಬೇರೆ ಮಾತು. ಟೀಚರ್ ತಮ್ಮ ಪದ್ಧತಿಯನ್ನೂ ಬಿಡಲಿಲ್ಲ. ಪಿಯಾನೋ ಇದ್ದರೆ ಹೊಸಬರು ಮೊದಲು ಅಲ್ಲಿಗೆ ಹೋಗಿ ಕೇಳಿಕೊಂಡು ಬರಬೇಕೆಂಬ ತಿದ್ದುಪಡಿ ಮಾತ್ರ ಆಯಿತು.

ಜಡೆ ಸಂಗೀತಗಾರ್ತಿಯಾಗಲಿಲ್ಲ, ಮುಂದಿನ ಸಾಲಿಗೂ ಬರಲಿಲ್ಲ. ಹಿಂದಿನ ಸಾಲಿನಲ್ಲೇ ಕೂತು, ಅಲ್ಲಿಗೆ ಬಂದ ಹೊಸಬರಿಗೆಲ್ಲ ಬಿರಡೆಯನ್ನು ಒಳಕ್ಕೆ ಒತ್ತಿ ತಿರುಗಿಸುವುದನ್ನು ಕಲಿಸಿ, ವಯಸ್ಸಿನ ಮಿತಿ ಬರುವವರೆಗೂ ಇದ್ದಳು. ಅವಳ ಕೊನೆಯ ಅಭ್ಯಾಸದ ದಿನ ನನಗೆ ನೆನಪಿದೆ. ವಯಸ್ಸು ಮೀರಿ ಹೋಗುವ ಪ್ರತಿಯೊಬ್ಬರ ಕುರ್ಚಿಯನ್ನೂ ಟೀಚರ್ ತಾವೇ ಮಡಚುತ್ತಾರೆ. ಅವಳದನ್ನೂ ಮಡಚಿ ಗೋಡೆಗೆ ಒರಗಿಸಿ, "ನೀನು ದೊಡ್ಡವಳಾದೆ. ಹೋಗಿ ಬಾ" ಎಂದರು. ಬಾರಿಸಲು ಬರುವುದಿಲ್ಲವೆಂಬ ಕಾರಣಕ್ಕೆ ನಮ್ಮ ವೃಂದ ಇಂದಿನವರೆಗೆ ಒಂದು ಮಗುವನ್ನೂ ಹೊರಗೆ ಕಳಿಸಿಲ್ಲ. ಇಷ್ಟು ದೊಡ್ಡ ಮಾತನ್ನು ಹೇಳಿಕೊಳ್ಳಬಲ್ಲ ವೃಂದಗಳು ಎಷ್ಟಿವೆಯೋ ನನಗೆ ತಿಳಿಯದು. ಅದರ ಒಬ್ಬ ಸದಸ್ಯೆ ನಾನೆಂಬುದು ನನ್ನ ಬದುಕಿನ ಹೆಮ್ಮೆ.

ನಮ್ಮಲ್ಲಿ ಹೊರಗೆ ಹೋಗುವುದಕ್ಕೆ ಇರುವುದು ಒಂದೇ ಕಾರಣ. ಆ 'ವಯಸ್ಸು ಮೀರಿತು' ಎಂಬ ನಿಯಮ ಈ ತಿಂಗಳ ಕೊನೆಗೆ ಟೀಚರ್ ಅವರಿಗೂ ಅನ್ವಯವಾಗುತ್ತಿದೆ. ಅವರಿಗೆ ದೀರ್ಘಾಯುಷ್ಯವೂ ಆರೋಗ್ಯವೂ, ಗಂಟಲಿಗೆ ಸ್ವಲ್ಪ ವಿಶ್ರಾಂತಿಯೂ ದೊರೆಯಲಿ. ಕಿರುವೃಂದಗಳಿಗೆ ವಾರಕ್ಕೊಮ್ಮೆ ಬಂದು ಕಲಿಸುವೆನೆಂದು ಅವರು ಕೊಟ್ಟಿರುವ ಮಾತು, ಅವರ ಉಳಿದೆಲ್ಲ ಮಾತುಗಳಂತೆ, ನಿಲ್ಲಲಿ. ವಿದಾಯದ ದಿನ ಅವರ ಕುರ್ಚಿಯನ್ನು ನಾವು ಮಡಚಬೇಕೆಂದು ಮಕ್ಕಳೆಲ್ಲ ಸೇರಿ ಹುಡುಕಾಡಿದರು. ಅಷ್ಟು ವರ್ಷವೂ ನಮ್ಮ ಮುಂದೆ ನಿಂತೇ ಇದ್ದ ಅವರಿಗೆ ಅಲ್ಲಿ ಒಂದು ಕುರ್ಚಿಯೇ ಇರಲಿಲ್ಲ. ಆದ್ದರಿಂದ ಮಡಚುವುದಕ್ಕೆ ನಮ್ಮ ಬಳಿ ಏನೂ ಇಲ್ಲ ಟೀಚರ್, ಹೇಳುವ ಮಾತಷ್ಟೇ ಇದೆ. ನೀವು ದೊಡ್ಡವರಾದಿರಿ. ಹೋಗಿ ಬನ್ನಿ.